ರಾಜಕುಮಾರಿಯ ಎರಡನೇ ಬೆರಳು

ಕಾರ್ಟೂನ್ ರಾಜಕುಮಾರಿಯರಿಂದಾಗಿ ನನ್ನ ತಲೆ ಕೆಡುವುದು ಇವತ್ತು ನಿನ್ನೆಯದಲ್ಲ. ನಾನೇನೂ ಜಗಳ ಹುಡುಕಿಕೊಂಡು ಹೋಗುವವಳಲ್ಲ, ಜಗಳವೇ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬರುತ್ತದೆ. ಕಮಲಾಪುರದ ತವರುಮನೆಯಲ್ಲಿ ಕಪ್ಪು-ಬಿಳುಪು ಟೀವಿ ಇದ್ದ ಕಾಲದಿಂದ ನಾನು ಅವರ ಅಭಿಮಾನಿ. ಸೇಬು ತಿಂದು ಬಿದ್ದವಳು, ಬೆರಳಿಗೆ ಚುಚ್ಚಿಸಿಕೊಂಡು ಮಲಗಿದವಳು, ಚಪ್ಪಲಿ ಕಳೆದುಕೊಂಡವಳು, ಎಲ್ಲರೂ ನನಗೆ ಓಣಿಯ ಗೆಳತಿಯರಷ್ಟೇ ಪರಿಚಯ. ಈಗ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಸಂಸಾರ, ಹತ್ತಿರದ ಶಾಲೆಯಲ್ಲಿ ವಿಜ್ಞಾನದ ಟೀಚರ್ ಕೆಲಸ. ತಲೆಕೂದಲು ಬೆಳ್ಳಗಾದರೂ ಅಭಿಮಾನ ಹಾಗೇ ಇದೆ. ಅದರ ಜೊತೆಗೆ ಸಿಟ್ಟೂ ಬೆಳೆದಿದೆ.

ಈ ಅಭಿಮಾನದಲ್ಲಿ ನನಗೊಬ್ಬಳು ಪಾಲುದಾರಳಿದ್ದಾಳೆ, ನನ್ನ ಅಣ್ಣನ ಮಗಳು. ಓದಲೆಂದು ಕಮಲಾಪುರದಿಂದ ಬಂದು ನಮ್ಮ ಮನೆಯಲ್ಲೇ ಬೆಳೆದಳು. ಈಗ ಸೇಡಂ ರಸ್ತೆಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ಅವಳಿಗೆ ವರ ನೋಡುತ್ತಿದ್ದಾರೆ. ನನ್ನ ಈಗಿನ ಸಿಟ್ಟೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಮಕ್ಕಳು ಎಲ್ಲಿ?

ಹಳೆಯ ಚಪ್ಪಲಿ ಕಥೆಯನ್ನೇ ಹೊಸದಾಗಿ ಹೇಳಿದ್ದಾರೆ ಎಂದು ಗೊತ್ತಾಗಿ ನಾನೂ ಅಣ್ಣನ ಮಗಳೂ ಥಿಯೇಟರಿಗೆ ಹೋದೆವು. ಕೌಂಟರಿನವನು ಎರಡು ಟಿಕೆಟ್ ಹರಿದು, ನಮ್ಮ ಹಿಂದೆ ಇಣುಕಿ ನೋಡಿದ.

"ಮಕ್ಕಳು ಎಲ್ಲಿ ಅದಾವ್ರಿ?"

"ನಾವ ಮಕ್ಕಳು. ಯಾಕ, ನಡಿಯಂಗಿಲ್ಲೇನು?" ಎಂದೆ.

ಹೊಸದಾಗಿ ಹೇಳುವುದು ಅಂದರೆ ಏನಂದುಕೊಂಡಿದ್ದಾರೋ. ರಾಜಕುಮಾರಿಯ ಕೈಗೆ ಕತ್ತಿ ಕೊಟ್ಟಿದ್ದರು. ಇಲಿಗಳನ್ನು ಓಡಿಸಿದ್ದರು. ಹಾಡುಗಳನ್ನು ಕತ್ತರಿಸಿ ಹಾಕಿದ್ದರು. ರಾಜಕುಮಾರನನ್ನು ಪೂರಾ ಪೆದ್ದ ಮಾಡಿದ್ದರು. ಹುಡುಗಿ ಮಾತೆತ್ತಿದರೆ ತನಗೆ ಯಾರ ಹಂಗೂ ಬೇಡ ಅನ್ನುತ್ತಾಳೆ. ಬೇಡವಾದರೆ ಬೇಡ, ಬಹಳ ಸಂತೋಷ. ಆದರೆ ಕೊನೆಗೆ ಬಂತು ನೋಡಿ ಅದೇ ಹಳೆಯ ದೃಶ್ಯ. ಅರಮನೆಯವರು ಚಪ್ಪಲಿ ಹಿಡಿದುಕೊಂಡು ಮನೆಮನೆಗೆ ಬಂದರು, ಊರ ಹುಡುಗಿಯರೆಲ್ಲ ಸಾಲಾಗಿ ಕೂತು ಕಾಲು ಚಾಚಿದರು, ಅಷ್ಟು ಹೊತ್ತು ಹಾರಾಡಿದ ನಮ್ಮ ವೀರನಾರಿಯೂ ಕತ್ತಿ ಬದಿಗಿಟ್ಟು ಕಾಲು ಚಾಚಿದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಬದಲಾಯಿಸಬೇಕಾದದ್ದು ಅದೊಂದೇ ಇತ್ತು, ಅದನ್ನು ಮಾತ್ರ ಹಾಗೇ ಬಿಟ್ಟಿದ್ದರು.

"ಎಲ್ಲಾ ಬಿಟ್ಟು ಹುಡುಗ್ಯಾರ ಕಾಲ ಯಾಕ ನೋಡಬೇಕು? ಅವನ ಕಾಲು ಯಾರೂ ನೋಡಂಗಿಲ್ಲಲ್ಲ?" ಎಂದು ನಾನು ತೆರೆಯ ಕಡೆಗೆ ಕೈ ಮಾಡಿ ಕೇಳಿದೆ. ದನಿ ಸ್ವಲ್ಪ ಜೋರಾಗಿತ್ತು ಅಂತ ಕಾಣುತ್ತದೆ. ಮುಂದಿನ ಸಾಲಿನಲ್ಲಿ ಅವ್ವನ ತೊಡೆಯ ಮೇಲಿದ್ದ ಪುಟ್ಟ ಹುಡುಗಿಯೊಂದು ತಿರುಗಿ ನನ್ನನ್ನೇ ನೋಡಿ ಹೇಳಿತು.

"ಆಂಟಿ, ಜಗಳ ಮನ್ಯಾಗ ಹೋಗಿ ಮಾಡ್ರಿ. ನಾವು ಸಿನಿಮಾ ನೋಡಾಕತ್ತೀವಿ."

ಚಪ್ಪಲಿ ಇಲ್ಲದ ಚಪ್ಪಲಿ ಕಥೆ

ಆ ವರ್ಷ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಎರಡನೇ ಇಯತ್ತೆಯ ಮಕ್ಕಳಿಂದ ಅದೇ ಕಥೆಯ ನಾಟಕ ಮಾಡಿಸಲು ಹೊರಟೆ. ಮಿಂಚು ಹಚ್ಚಿದ ಚಪ್ಪಲಿಯನ್ನು ನಾನೇ ತಯಾರು ಮಾಡಿದ್ದೆ. ಕಾರ್ಯಕ್ರಮದ ಹಿಂದಿನ ದಿನ ನಮ್ಮ ಹೆಡ್‌ಮಿಸ್ ಬಂದು ಅದನ್ನು ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು.

"ಸ್ಟೇಜ್ ಮ್ಯಾಲ ಚಪ್ಪಲಿ? ಅಲ್ಲೇ ದೀಪ ಹಚ್ಚತೀವಿ, ದೇವರ ಫೋಟೋ ಇಟ್ಟಿರತೀವಿ. ಬರೋ ಗೆಸ್ಟ್‌ಗೂ ಬೂಟು ಬಿಚ್ಚರಿ ಅಂತ ಹೇಳತೀವಿ. ನೀವು ನೋಡಿದ್ರ ಚಪ್ಪಲಿ ತಲಿದಿಂಬಿನ ಮ್ಯಾಲ ಇಟ್ಟು ಮೆರವಣಿಗಿ ಮಾಡ್ತೀರಿ."

"ಮೇಡಂ, ಕಥಿನೇ ಚಪ್ಪಲಿದು."

"ಕಥಿ ಅಲ್ಲೇನು, ಬದಲಿ ಮಾಡ್ರಿ. ಈಗ ಎಲ್ಲಾರೂ ಬದಲಿ ಮಾಡಾಕತ್ತಾರ."

ಅವರು ಹೇಳಿದ್ದು ಖರೆಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ರಾಜಕುಮಾರಿ ಓಡುವಾಗ ಅವಳ ತಲೆಯ ಕ್ಲಿಪ್ ಬೀಳುವುದು ಎಂದಾಯಿತು. ಮರುದಿನ ರಾಜಕುಮಾರನಾಗಿದ್ದ ಹುಡುಗ ಕ್ಲಿಪ್ ಹಿಡಿದು ಸಾಲಾಗಿ ನಿಂತ ಹುಡುಗಿಯರ ತಲೆಗೆ ಒಂದೊಂದಾಗಿ ಸಿಕ್ಕಿಸಿ ನೋಡಿದ. ಮೊದಲನೆಯವಳಿಗೆ ಕೂಡಿತು. ಎರಡನೆಯವಳಿಗೂ ಕೂಡಿತು. ಮಲತಾಯಿಗೂ ಕೂಡಿತು. ಹುಡುಗ ಪ್ರಾಮಾಣಿಕ. ಹೇಳಿಕೊಟ್ಟ ಮಾತು ಬಿಟ್ಟು, ಪರದೆಯ ಪಕ್ಕ ನಿಂತಿದ್ದ ನನ್ನ ಕಡೆಗೆ ತಿರುಗಿ ಮೈಕಿನಲ್ಲೇ ಕೇಳಿದ.

"ಟೀಚರ್, ಇದು ಎಲ್ಲಾರಿಗೂ ಕೂಡತದ. ನಾ ಯಾರನ್ನ ಮಾಡ್ಕೋಬೇಕು?"

ಅರ್ಧ ಕಾಳಿನಷ್ಟು

ಅಣ್ಣನ ಮಗಳನ್ನು ನೋಡಲು ಮೊದಲ ಸಲ ಗಂಡಿನವರು ಕಮಲಾಪುರಕ್ಕೆ ಬಂದರು. ಉಪ್ಪಿಟ್ಟು, ಚಹಾ, ಊರಿನ ಕೆಂಪು ಬಾಳೆಹಣ್ಣು, ಎಲ್ಲ ಆಯಿತು. ಹುಡುಗಿ ಬಂದು ನಮಸ್ಕಾರ ಮಾಡಿದಳು. ಹುಡುಗನ ಅತ್ತೆಯೊಬ್ಬರು ಮಾತ್ರ ಅವಳ ಮುಖವನ್ನೇ ನೋಡಲಿಲ್ಲ. ಅವರ ಕಣ್ಣು ನೆಲದ ಮೇಲೇ ಇತ್ತು. ಏನೋ ಬಿದ್ದಿದೆ, ಹುಡುಕುತ್ತಿದ್ದಾರೆ ಅಂದುಕೊಂಡೆ.

ವಾರ ಕಳೆದ ಮೇಲೆ ಮಧ್ಯಸ್ಥರು ಫೋನ್ ಮಾಡಿದರು. ಹುಡುಗಿ ಚಂದ ಇದ್ದಾಳೆ, ನೌಕರಿ ಇದೆ, ಮನೆತನ ಒಳ್ಳೆಯದು. ಆದರೆ ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಇದೆಯಂತೆ. ಅಂಥವಳು ಗಂಡನನ್ನು ತನ್ನ ಮಾತಿನಲ್ಲಿ ಇಟ್ಟುಕೊಳ್ಳುತ್ತಾಳಂತೆ, ಅವಳು ಹೇಳಿದಂತೆಯೇ ಅವನು ಕೇಳಬೇಕಂತೆ.

ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಮಗಳನ್ನು ಕೂರಿಸಿಕೊಂಡು ಬೆರಳು ನೋಡಿದರು. ಉದ್ದ ಇತ್ತು, ಅರ್ಧ ಜೋಳದ ಕಾಳಿನಷ್ಟು. ಅವತ್ತಿನಿಂದ ಬೆರಳು ಮಡಚಿಕೊಂಡು ನಡೆಯುವ ತಾಲೀಮು ಶುರುವಾಯಿತು. ಆ ಹುಡುಗಿ ಅದೇ ಕಾಲಿನ ಮೇಲೆ ದಿನವಿಡೀ ನಿಂತು ಊರವರ ರಕ್ತ ಪರೀಕ್ಷೆ ಮಾಡುತ್ತಾಳೆ. ರಜೆಯಲ್ಲಿ ಕಮಲಾಪುರಕ್ಕೆ ಬಂದರೆ ಇವರು ಅವಳ ಪರೀಕ್ಷೆ ಮಾಡುತ್ತಾರೆ. ನಾನು ಎಲುಬಿನ ರಚನೆಯ ಬಗ್ಗೆ ಹೇಳಲು ಹೋದೆ.

"ನಿಮ್ಮ ವಿಜ್ಞಾನ ನಿಮ್ಮ ಸಾಲ್ಯಾಗ ಇರ್ಲಿ. ನನ್ನ ಮಗಳ ಲಗ್ನ ಆಗಬೇಕು," ಎಂದರು ವೈನಿ.

ಕಾರ್ಟೂನಿಗಿಂತ ಹಳೆಯ ಕಥೆಯಲ್ಲಿ, ಆ ಚಪ್ಪಲಿಗೆ ಕಾಲು ಕೂಡಲೆಂದು ಮಲತಾಯಿ ತನ್ನ ಮಗಳಿಗೆ ಬೆರಳು ಕತ್ತರಿಸಿಕೋ ಅನ್ನುತ್ತಾಳೆ. ಸಿನಿಮಾದವರು ಮಕ್ಕಳು ಹೆದರಬಾರದೆಂದು ಅದನ್ನು ತೆಗೆದುಹಾಕಿದರು. ತೆಗೆದುಹಾಕಿದ್ದು ಎಲ್ಲಿ ಹೋಯಿತು ಅಂದುಕೊಂಡಿದ್ದೆ. ಕಮಲಾಪುರಕ್ಕೆ ಬಂದಿತ್ತು. ವೈನಿ ಮಲತಾಯಿಯಲ್ಲ, ಹೆತ್ತ ತಾಯಿ, ಮಗಳೆಂದರೆ ಜೀವ. ನನಗೆ ಸಂಕಟವಾದದ್ದೇ ಅದಕ್ಕೆ.

ಮನೆಗೆ ಬಂದವಳೇ ನನ್ನ ಕಾಲು ನೋಡಿಕೊಂಡೆ. ನನ್ನ ಎರಡನೇ ಬೆರಳೂ ಉದ್ದ ಇದೆ, ಅವಳಿಗಿಂತ ಹೆಚ್ಚು. ಪೇಪರ್ ಓದುತ್ತಿದ್ದ ನಮ್ಮ ಮನೆಯವರ ಮುಂದೆ ಕಾಲು ಚಾಚಿದೆ.

"ಇಲ್ಲಿ ನೋಡ್ರಿ. ಇಂಥಾ ಬೆರಳು ಇದ್ದಾಕಿ ಗಂಡನ್ನ ಮಾತಿನ್ಯಾಗ ಇಟ್ಕೋತಾಳಂತ. ಇದು ಖರೆ ಏನು? ಸುಳ್ಳು ಅಲ್ಲೇನು?"

ಅವರು ಪೇಪರ್ ಮಡಚಿಟ್ಟು, ಬೆರಳು ನೋಡಿ, ನನ್ನ ಮುಖ ನೋಡಿದರು.

"ನೀ ಹ್ಯಾಂಗ ಅಂತೀ ಹಂಗ."

ಮೇ ತಿಂಗಳಿನ ಸಾಕ್ಸ್

ಎರಡನೆಯ ಗಂಡು ಬಂದದ್ದು ಮೇ ತಿಂಗಳಲ್ಲಿ. ನಮ್ಮ ಕಡೆ ಮೇ ಅಂದರೆ ಗೊತ್ತಲ್ಲ, ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ವೈನಿ ಮಗಳಿಗೆ ರೇಷ್ಮೆ ಸೀರೆ ಉಡಿಸಿ, ಕಾಲಿಗೆ ಸಾಕ್ಸ್ ಹಾಕಿಸಿದ್ದರು. ಬೆರಳು ಕಾಣಬಾರದಲ್ಲ.

ಬಂದವರೆಲ್ಲ ಬೀಸಣಿಗೆ ಕೇಳುತ್ತಿದ್ದರು. ಹುಡುಗಿ ಸಾಕ್ಸ್ ಹಾಕಿಕೊಂಡು ಚಹಾ ತಂದಳು. ಹುಡುಗನ ತಂದೆ ಸಾಧು ಮನುಷ್ಯ. ಬಹಳ ಹೊತ್ತು ತಡೆದುಕೊಂಡು ಕೊನೆಗೆ ಮೆಲ್ಲಗೆ ಕೇಳಿದರು.

"ಕಾಲಿಗೇನಾಗೇದ್ರಿ?"

"ಥಂಡಿ ಹತ್ತತದ್ರಿ ಆಕಿಗಿ," ಎಂದರು ವೈನಿ, ಸೆರಗಿನಿಂದ ತಮ್ಮ ಕತ್ತಿನ ಬೆವರು ಒರೆಸಿಕೊಳ್ಳುತ್ತ.

ಹೋಗುವಾಗ ಹುಡುಗನ ತಂದೆ ನಮ್ಮ ಅಣ್ಣನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟರು. "ಫಿಕರ್ ಮಾಡಬ್ಯಾಡ್ರಿ. ಕಲಬುರಗಿಯಾಗ ನಮ್ಮ ಪರಿಚಯದವರು ಚರ್ಮದ ಡಾಕ್ಟರ್ ಅದಾರ. ಇಂಥಾವು ಎಲ್ಲಾ ಆರಾಮ ಆಗ್ತಾವ."

ಅದನ್ನು ನೆನೆಸಿಕೊಂಡು ಕಲಬುರಗಿಗೆ ವಾಪಸಾಗುವ ಬಸ್ಸಿನಲ್ಲಿ ನಾನು ನಕ್ಕೆ. ಅಣ್ಣನ ಮಗಳು ನಗಲಿಲ್ಲ. ಸಾಕ್ಸ್ ಬಿಚ್ಚಿ ಚಪ್ಪಲಿ ಹಾಕಿಕೊಂಡಿದ್ದಳು, ಎದುರಿಗೆ ಯಾರೂ ಇರಲಿಲ್ಲ, ಆದರೂ ಚಪ್ಪಲಿಯೊಳಗೆ ಆ ಬೆರಳನ್ನು ಮಡಚಿಕೊಂಡೇ ಇದ್ದಳು. ಅದನ್ನು ನೋಡಿದಾಗ ನನ್ನ ನಗು ನಿಂತುಹೋಯಿತು. ಈ ಹುಡುಗಿಯ ಲಗ್ನ ಆಗುತ್ತದೋ ಇಲ್ಲವೋ ಎನ್ನುವ ಚಿಂತೆ ನನಗಿರಲಿಲ್ಲ. ಅವಳು ಇನ್ನು ಮೇಲೆ ಕಾಲು ನೀಡಿ ಕೂರುತ್ತಾಳೋ ಇಲ್ಲವೋ ಎನ್ನುವುದೇ ಚಿಂತೆಯಾಯಿತು.

"ಅತ್ತಿ, ಎಲ್ಲಾರಿಗೂ ಬೆರಳ ಕಾಣತದೇನು?" ಎಂದು ಕೇಳಿದಳು.

"ಎಲ್ಲಾರಿಗಿಲ್ಲ. ಚರ್ಮದ ಡಾಕ್ಟರ್‌ಗೆ ಒಬ್ಬರಿಗೇ," ಎಂದೆ. ಆಗ ಮಾತ್ರ ಸ್ವಲ್ಪ ನಕ್ಕಳು.

ಬಾಗಿಲಾಚೆ, ಬಾಗಿಲೀಚೆ

ಮೂರನೆಯ ಗಂಡಿನ ತಾಯಿ ಬಾಗಿಲಿಗೆ ಬರುವ ಮೊದಲೇ ಮಾತು ಶುರು ಮಾಡಿದ್ದರು. "ತಲಿ ಜ್ವಾಕಿ, ಜ್ವಾಕಿ. ನಮ್ಮ ಹುಡುಗ ಎತ್ತರ ಅದಾನ. ನಿಮ್ಮ ಬಾಗಲ ಗಿಡ್ಡ ಅದ."

ಖರೆಯೇ, ಕಟ್ಟೆಯ ಹತ್ತಿರ ನಿಂತಿದ್ದ ಹುಡುಗ ಎತ್ತರವಾಗಿಯೇ ಕಂಡ. ನಮ್ಮ ಅಣ್ಣ ಅವನ ಹಣೆಗೆ ಪೆಟ್ಟಾಗದಿರಲೆಂದು ಚೌಕಟ್ಟಿಗೆ ಕೈ ಅಡ್ಡ ಹಿಡಿದು ನಿಂತ. ಹುಡುಗ ಬೂಟು ಬಿಚ್ಚಿಟ್ಟು ಒಳಗೆ ಬಂದ. ತಲೆ ಬಗ್ಗಿಸಲಿಲ್ಲ, ಬಗ್ಗಿಸುವ ಅಗತ್ಯವೂ ಬೀಳಲಿಲ್ಲ. ಅಣ್ಣನ ಕೈ ಮೇಲೆಯೇ ಉಳಿಯಿತು.

ಅಡುಗೆಮನೆಯ ಕಿಟಕಿಯಿಂದ ಎಲ್ಲ ನೋಡಿದ್ದ ಅಣ್ಣನ ಮಗಳು ನನ್ನ ಕಿವಿಯಲ್ಲಿ ಕೇಳಿದಳು, "ಅತ್ತಿ, ಒಳಗ ಬರೂದ್ರಾಗ ಅವರು ಎಲ್ಲಿ ಸಣ್ಣಾದ್ರು?"

ಹುಡುಗನ ಎತ್ತರಕ್ಕೆ ನನ್ನದೇನೂ ತಕರಾರಿಲ್ಲ. ನಮ್ಮ ಮನೆಯವರೂ ನನಗಿಂತ ಗಿಡ್ಡ. ಆದರೆ ಆ ಹೆಂಗಸು ಕೂತವರೇ ಉಪ್ಪಿಟ್ಟಿನ ತಾಟು ಪಕ್ಕಕ್ಕೆ ಸರಿಸಿದರು.

"ನಮಗೆಲ್ಲಾ ಗೊತ್ತಾಗೇದ. ಬೆರಳಿನ ಸುದ್ದಿ ಕೇಳೀನಿ. ತೋರಸವ್ವ ನಿನ್ನ ಪಾದ. ನಮ್ಮ ಮನ್ಯಾಗ ಮುಚ್ಚಿಡೂದು ನಡಿಯಂಗಿಲ್ಲ."

ವೈನಿಯ ಮುಖದ ಬಣ್ಣ ಇಳಿಯಿತು. ನಾನು ಎದ್ದು ನಿಂತಿದ್ದೆ, ಬಾಯಿಗೆ ಬಂದದ್ದನ್ನು ಆಡಿಯೇ ಬಿಡುತ್ತಿದ್ದೆ. ಅಷ್ಟರಲ್ಲಿ ಅಣ್ಣನ ಮಗಳು ಬಂದು ಚಾಪೆಯ ಮೇಲೆ ಕೂತು, ಸೀರೆಯ ನೆರಿಗೆ ಸರಿಸಿ ಎರಡೂ ಕಾಲು ಚಾಚಿದಳು. ಬೆರಳು ಮಡಚಿರಲಿಲ್ಲ.

"ಉದ್ದ ಅದ ನೋಡ್ರಿ. ಸರಿಯಾಗಿ ನೋಡ್ಕೋರಿ."

ಆ ಹೆಂಗಸು ಬಗ್ಗಿ ಸರಿಯಾಗಿಯೇ ನೋಡಿದರು. ಅವರು ತಲೆಯೆತ್ತುವಷ್ಟರಲ್ಲಿ ಹುಡುಗಿ ಎದ್ದು ಹೊರಗೆ ಹೋಗಿ, ಒಂದು ಕೈಯಲ್ಲಿ ಹುಡುಗನ ಒಂದು ಬೂಟು ಹಿಡಿದು ಬಂದಳು. ನಮ್ಮ ಅಣ್ಣ ಹೊಡೆಯಲೆಂದೇ ತಂದಳೆಂದು ತಿಳಿದು ನಡುವೆ ಬಂದ. ಅವಳು ಅಪ್ಪನನ್ನು ದಾಟಿ ಹೋಗಿ ಬೂಟನ್ನು ಹುಡುಗನ ಕಾಲ ಹತ್ತಿರ ಇಟ್ಟಳು. ಇಡುವಾಗ ಅದು ವಾಲಿತು, ಒಳಗಿನಿಂದ ದಪ್ಪನೆಯ ರಬ್ಬರಿನ ಮೆತ್ತೆಯೊಂದು ಹೊರಗೆ ಜಾರಿ ಚಾಪೆಯ ಮೇಲೆ ಬಿತ್ತು. ಹಿಮ್ಮಡಿಯ ಕೆಳಗೆ ಇಟ್ಟುಕೊಳ್ಳುವಂಥದು.

"ಎತ್ತರಕ್ಕ ನಂದೇನ ತಕರಾರಿಲ್ರಿ. ನಾ ಇವತ್ತ ಏನೂ ಮುಚ್ಚಿಟ್ಟಿಲ್ಲ, ಅಷ್ಟ," ಎಂದಳು.

ಹುಡುಗನೇ ಮಾತಾಡಿದ. "ನಮ್ಮವ್ವನ ಹಾಕಿಸ್ಯಾಳ್ರಿ. ಎರಡು ತಾಸಿನಿಂದ ಕಾಲ ನೋಯಾಕತ್ತಾವ."

"ನೀ ಸುಮ್ಮನ ಏಳು," ಎಂದು ತಾಯಿ ಅವನನ್ನು ಎಬ್ಬಿಸಿದರು. ಗಡಿಬಿಡಿಯಲ್ಲಿ ಹುಡುಗ ಬೂಟು ಹಾಕಿಕೊಂಡ. ಒಂದರಲ್ಲಿ ಮೆತ್ತೆ ಇತ್ತು, ಒಂದರಲ್ಲಿ ಇರಲಿಲ್ಲ. ಓಣಿಯ ತುದಿಯಲ್ಲಿ ನಿಂತ ಕಾರಿನವರೆಗೆ ಒಂದು ಹೆಜ್ಜೆಗೆ ಮೇಲೆ, ಒಂದು ಹೆಜ್ಜೆಗೆ ಕೆಳಗೆ ಆಗುತ್ತ ನಡೆದ. ಕಾರು ಹತ್ತುವ ಮುಂಚೆ ಹಿಂದಿರುಗಿ ನೋಡಿ ನಕ್ಕ. ಪಾಪ, ಒಳ್ಳೆಯ ಹುಡುಗ.

ವೈನಿ ಒಳಗೆ ಬಂದು ಚಾಪೆಯ ಮೇಲೆ ಕುಸಿದು ಅಳಲು ಶುರು ಮಾಡಿದರು. ಅಳುತ್ತಲೇ ಕೈಗೆ ಸಿಕ್ಕ ಮೆತ್ತೆಯನ್ನು ಎತ್ತಿ ನೋಡಿದರು. "ಇದೊಂದು ಇಲ್ಲೇ ಬಿಟ್ಟು ಹೋಗ್ಯಾರ. ಈಗ ಇದನ್ನ ಏನ ಮಾಡೂದು?"

ಇಷ್ಟು ವರ್ಷ ಈ ಕಥೆ ನೋಡಿದ್ದಕ್ಕೆ ಅವತ್ತು ಸಾರ್ಥಕವಾಗಿತ್ತು. ನಾನು ಹೇಳಿದೆ, "ಏನ ಮಾಡೂದಂದ್ರ? ಇದನ್ನ ಹಿಡಕೊಂಡು ನಾವೂ ಮನಿ ಮನಿ ತಿರಗೂಣು. ಯಾರ ಬೂಟಿಗೆ ಕೂಡತದೋ ಅವಗ ಹುಡುಗಿ ಕೊಡೂಣು."

ವೈನಿ ಮೂಗು ಒರೆಸಿಕೊಂಡು ಮೆತ್ತೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಇದು ಎಲ್ಲಾರಿಗೂ ಕೂಡತದಲ್ಲ."

ಅವರ ಪಕ್ಕದಲ್ಲಿ ಕಾಲು ನೀಡಿಕೊಂಡು ಕೂತು ಗಂಡಿನವರ ಉಪ್ಪಿಟ್ಟು ತಿನ್ನುತ್ತಿದ್ದ ರಾಜಕುಮಾರಿ ಅಂದಳು, "ಕೂಡಲಿ ಬಿಡವ್ವಾ. ಯಾವನು ಇದು ಬ್ಯಾಡ ಅಂತಾನ, ಅವಗ ನನ್ನ ಕೊಡ್ರಿ."