ಸರದಿಯ ವಚನ

ಮಕ್ಕಳ ಜೊತೆ ಕೂತು ಸತ್ಯವೇದ ಓದಬೇಕೆನ್ನುವ ತಂದೆಯರಿಗೆ ಅನುಭವಸ್ಥನಾಗಿ ನನ್ನದೊಂದು ಕಿವಿಮಾತು. ಓದಿಸಿ, ಖಂಡಿತ ಓದಿಸಿ. ಆದರೆ ಅವು ಎಣಿಕೆ ಕಲಿಯುವ ಮೊದಲೇ ಓದಿಸಿ ಮುಗಿಸಿಬಿಡಿ.

ಕಡೂರಿನ ನಮ್ಮ ಮನೆಯಲ್ಲಿ ದಿನಾ ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ. ಚಾಪೆ ಹಾಸಿ ನಾನು, ಹೆಂಡತಿ ಲಿಲ್ಲಿ, ಹತ್ತು ವರ್ಷದ ಮಗ ಜೀವನ್, ಹದಿಮೂರರ ಮಗಳು ಕೃಪಾ ಕೂರುತ್ತೇವೆ. ಸರದಿಯಂತೆ ಒಬ್ಬೊಬ್ಬರು ಬೈಬಲ್ಲಿನ ಒಂದೊಂದು ವಚನ ಓದುವುದು ನಮ್ಮಪ್ಪನ ಕಾಲದ ಪದ್ಧತಿ. ಎಲ್ಲಿಂದ ಶುರು, ಯಾರಿಂದ ಶುರು ಎನ್ನುವ ಅಧಿಕಾರ ಮಾತ್ರ ಯಜಮಾನನದು. ಈ ಅಧಿಕಾರವನ್ನು ನಾನೆಷ್ಟು ಭಕ್ತಿಯಿಂದ ಚಲಾಯಿಸಿದೆನೆಂದರೆ, ತಂದೆತಾಯಿಗೆ ವಿಧೇಯರಾಗಿರಬೇಕೆಂಬ ವಚನ ತಪ್ಪದೆ ಜೀವನ್ ಪಾಲಿಗೇ ಬರುತ್ತಿತ್ತು. ಸೋಮಾರಿಗಳಿಗೆ ಹೇಳಿದ್ದೆಲ್ಲ ಕೃಪಾಳ ಪಾಲಿಗೆ. ಜಗಳಗಂಟಿ ಹೆಂಡತಿಯ ವಚನವನ್ನು ಒಮ್ಮೆ ಲಿಲ್ಲಿಗೆ ಬರುವಂತೆ ಮಾಡಿ ಎರಡು ದಿನ ಉಪ್ಪಿಲ್ಲದ ಸಾರು ಉಂಡೆ. ಯಾರಾದರೂ ಗುರಾಯಿಸಿದರೆ, "ಎಲ್ಲಾ ದೇವರ ಚಿತ್ತ" ಎಂದು ಸೂರು ನೋಡುತ್ತಿದ್ದೆ.

ಈಗ ನನ್ನ ತಮ್ಮನ ವಿಷಯ ಹೇಳಬೇಕು. ಆನಂದ ಅಜ್ಜಂಪುರದಲ್ಲಿದ್ದಾನೆ. ಎಂಟು ತಿಂಗಳ ಹಿಂದೆ ಅವನ ಹೊಸ ಮನೆಯ ಪ್ರಾರ್ಥನೆಗೆ ಹೋಗಿದ್ದೆವು. ಹಿರಿಯನೆಂದು ನನ್ನನ್ನೇ ಪ್ರಾರ್ಥಿಸಲು ಹೇಳಿದರು. ನಾನು ಆದಾಮನಿಂದ ಹಿಡಿದು ಬಾಗಿಲು ಮಾಡಿದ ಆಚಾರಿಯವರೆಗೆ ಎಲ್ಲರನ್ನೂ ನೆನೆದು ಕಣ್ಣು ಬಿಟ್ಟರೆ, ಈ ಪುಣ್ಯಾತ್ಮ ನೂರು ಜನರೆದುರು, "ಆಮೆನ್ ಕಣ್ರಪ್ಪಾ! ಬೇಗ ಎಲೆ ಹಾಕಿ, ಬಿರಿಯಾನಿ ಹಳಸೋಯ್ತದೆ" ಎಂದ. ಎಲ್ಲರೂ ನಕ್ಕರು. ಪಾದ್ರಿಗಳೂ ನಕ್ಕರು. ಅವತ್ತು ಮುಚ್ಚಿದ ಬಾಯನ್ನು ನಾನು ಅವನ ಮುಂದೆ ಮತ್ತೆ ತೆರೆದಿರಲಿಲ್ಲ. ನಾನು ಕೆಲಸ ಮಾಡುವ ತಾಲ್ಲೂಕು ಕಚೇರಿಯಲ್ಲಿ ಜಮೀನಿನ ಖಾತೆಗಾಗಿ ಕಿತ್ತಾಡುವ ಅಣ್ಣತಮ್ಮಂದಿರಿಗೆ ಮಾತ್ರ, "ಒಂದೇ ರಕ್ತ, ರಾಜಿ ಮಾಡ್ಕೊಳ್ರಪ್ಪಾ" ಎಂದು ದಿನಾ ಬುದ್ಧಿ ಹೇಳುತ್ತಿದ್ದೆ. ಅದು ಕಚೇರಿ ಕೆಲಸ.

ಈ ಭಾನುವಾರ ಆನಂದನ ಮಗಳು ಸುಧಾಳಿಗೆ ಚರ್ಚಿನಲ್ಲಿ ದೃಢೀಕರಣದ ಸಂಸ್ಕಾರ. ಕೃಪಾಳಿಗೆ ಅವಳೆಂದರೆ ಪ್ರಾಣ. ಕರೆಯೋಲೆ ಬಂದಿತ್ತು; ನಾನದನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ, "ಅವತ್ತು ನಮ್ಮ ಚರ್ಚಿಗೇ ಕಾಣಿಕೆ ಕೊಡೋದಿದೆ, ಯಾರೂ ಹೋಗೋದ್ ಬೇಡ" ಎಂದಿದ್ದೆ. ಹುಡುಗಿ ಅತ್ತಳು. ನಾನು ಬಂಡೆ.

ಮೊನ್ನೆ ಸಂಜೆ ಕೃಪಾ, "ಅಪ್ಪಾ, ದಿನಾ ನೀನೇ ಯಾಕೆ ಹೇಳ್ಬೇಕು? ಇವತ್ತು ಅಮ್ಮ ಶುರು ಮಾಡ್ಲಿ" ಎಂದಳು. ಎಲ್ಲಿಂದ ಎನ್ನುವುದನ್ನೂ ಅವಳೇ ಹೇಳಿದಳು. ಮಗಳಿಗೆ ಭಕ್ತಿ ಬಂತೆಂದು ನಾನು ಹಿಗ್ಗಿದೆ, ದಡ್ಡ ಶಿಖಾಮಣಿ! ಲಿಲ್ಲಿ ಓದಿದಳು, ಜೀವನ್ ಓದಿದ, ಕೃಪಾ ಓದಿದಳು. ನನ್ನ ಸರದಿಗೆ ಬಂದದ್ದು: ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಒಂದಾಗಬೇಕೆಂಬ ಮಾತು.

ಕೆಮ್ಮಿದೆ. "ಇವತ್ತಿಗೆ ಸಾಕು, ಪ್ರಾರ್ಥನೆ ಮಾಡೋಣ" ಎಂದೆ.

"ಓದ್ರೀ, ಎಲ್ಲಾ ದೇವರ ಚಿತ್ತ" ಎಂದಳು ಲಿಲ್ಲಿ.

ಓದಿದೆ. ಮುಗಿಯುವಷ್ಟರಲ್ಲಿ ಕೃಪಾ ಫೋನನ್ನು ನನ್ನ ಕಿವಿಗೇ ಹಿಡಿದಿದ್ದಳು. ಆ ಕಡೆಯಿಂದ, "ಹೇಳಣ್ಣಾ" ಎಂದಿತು ಆನಂದನ ದನಿ. ಈ ದನಿ ಕೇಳದೆ ನಾನೆಷ್ಟು ಒಣಗಿದ್ದೆನೋ! "ಭಾನುವಾರ ಬತ್ತೀವಿ ಕಣೋ" ಎಂದಷ್ಟೇ ಹೇಳಲಾಯಿತು.

"ಬಾರಣ್ಣಾ. ನಂದೇ ತಪ್ಪು, ನಾನೇ ಫೋನ್ ಮಾಡ್ಬೇಕಿತ್ತು. ನಿನ್ನೆ ಸುಧಾ ನನಗೂ ಅದೇ ವಚನ ಬರೋ ಹಂಗೆ ಕೂರಿಸಿದ್ಲು. ನಾನು ಕನ್ನಡಕ ಸಿಗ್ತಿಲ್ಲ ಅಂತ ಎದ್ದೋಗ್ಬಿಟ್ಟೆ" ಎಂದ.

ಫೋನ್ ಇಟ್ಟು ಕಣ್ಣೊರೆಸಿಕೊಂಡವನೇ ಮಕ್ಕಳಿಗೆ ಹೇಳಿದೆ: "ನೋಡ್ರೋ, ನಿಮ್ಮ ಚಿಕ್ಕಪ್ಪ ತಪ್ಪಿಸ್ಕೊಂಡ. ನಾನು ಓದ್ದೆ. ದೊಡ್ಡೋರು ಅಂದ್ರೆ ಹಿಂಗಿರ್ಬೇಕು."

ಕೃಪಾ ಮತ್ತೆ ಸತ್ಯವೇದ ತೆರೆದಳು. ಗರ್ವದ ಬಗ್ಗೆ ಎಲ್ಲೆಲ್ಲಿ ಬರೆದಿದೆಯೆಂದು ಹುಡುಕಿ, ನಾಳೆ ಯಾರಿಂದ ಶುರು ಮಾಡಬೇಕೆಂದು ಬೆರಳೆಣಿಸುತ್ತ ಕೂತಳು.