ಕಾರಿನ ಇಳಿದ ಬೆಲೆಯೂ ನನ್ನ ಭಾಷಣವೂ

ಶನಿವಾರ ಬೆಳಿಗ್ಗೆ ಕೆಳಗಿಳಿದು ನೋಡಿದರೆ ನನ್ನ ಕಾರು ಹೊಳೆಯುತ್ತಿತ್ತು. ಎರಡು ವಾರ ಜೋಪಾನವಾಗಿ ಕೂಡಿಟ್ಟಿದ್ದ ಕುವೈತಿನ ಧೂಳಿನಲ್ಲಿ ಒಂದು ಕಣವೂ ಉಳಿದಿರಲಿಲ್ಲ.

"ಯಾರು ಇದನ್ನು ತೊಳೆದದ್ದು?"

"ನಾನೇ ಹಾರಿಸ್‌ಗೆ ಹೇಳಿದ್ದು," ಎಂದಳು ಹೆಂಡತಿ ಜೋಯ್ಸ್. (ಹಾರಿಸ್ ಅಂದರೆ ಕಟ್ಟಡದ ಕಾವಲುಗಾರ. ತೊಳೆಯಬೇಡ ಎಂದು ನಾನು ಅವನಿಗೆ ಕೈಮುಗಿದು ಹೇಳಿದ್ದೆ.) "ಅಂಗಡಿಯ ಬಾವಾ ಇವತ್ತು ಕಾರು ನೋಡ್ಲಿಕ್ಕೆ ಬರ್ತಾರೆ. ಧೂಳು ಹಿಡಿದ ಕಾರನ್ನು ಯಾರು ತಗೊಳ್ತಾರೆ ಮಾರಾಯ್ರೆ?"

ಈ ದೊಡ್ಡ ಕಾರನ್ನು ಮಾರಿ, ಜೋಯ್ಸ್ ತಾನು ನರ್ಸ್ ಆಗಿರುವ ಜಾಬ್ರಿಯಾದ ಆಸ್ಪತ್ರೆಗೆ ತಾನೇ ಓಡಿಸಿಕೊಂಡು ಹೋಗುವಂಥ ಸಣ್ಣ ಕಾರು ಕೊಳ್ಳುವುದೆಂದು ತೀರ್ಮಾನವಾಗಿತ್ತು. ಲೈಸೆನ್ಸ್ ಸಿಕ್ಕಿದಂದಿನಿಂದ ಅವಳು ನಿದ್ದೆಯಲ್ಲೂ ಸ್ಟೀರಿಂಗ್ ತಿರುಗಿಸುತ್ತಿದ್ದಳು. ಕೆಳಗಿನ ದಿನಸಿ ಅಂಗಡಿಯ ಅಹ್ಮದ್ ಬಾವಾ, ನಮ್ಮ ಉಳ್ಳಾಲದವರು, ಕೊಳ್ಳಲು ಒಪ್ಪಿದ್ದರು. ಅಷ್ಟರಲ್ಲಿ ಸಿಗ್ನಲಿನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಒಂದು ವ್ಯಾನು ಗುದ್ದಿತು. ಆ ವ್ಯಾನಿನ ಇನ್ಶೂರೆನ್ಸಿನವರೇ ರಿಪೇರಿ ಮಾಡಿಸಿಕೊಟ್ಟರು. ಆದರೆ ಬಾವಾ ತಲೆ ಕೆರೆದುಕೊಂಡರು: "ಗುದ್ದು ತಿಂದ ಗಾಡಿ ಅಲ್ವಾ ಪೊರ್ಬುಗಳೇ, ಇನ್ನೊಮ್ಮೆ ನೋಡಿ ಹೇಳ್ತೇನೆ." (ನಮ್ಮೂರ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳು ಅನ್ನುತ್ತಾರೆ.)

ಆಗ ನನಗೆ ದಿವ್ಯಜ್ಞಾನವಾಯಿತು. ರಿಪೇರಿ ಎಷ್ಟೇ ಚೆನ್ನಾಗಿದ್ದರೂ ಅಪಘಾತವಾದ ಕಾರಿಗೆ ಮಾರುವಾಗ ಬೆಲೆ ಕಡಿಮೆ. ಆ ಇಳಿದ ಬೆಲೆಯನ್ನೂ ಗುದ್ದಿದವರ ಇನ್ಶೂರೆನ್ಸಿನಿಂದ ಕೇಳಬಹುದಂತೆ! ಕೇಳಿದೆ. ಕಾರನ್ನು ಪರೀಕ್ಷಿಸಿ ಬೆಲೆ ಕಟ್ಟಲು ಅವರ ಕಡೆಯ ಫಾಝಿಲ್ ಇವತ್ತೇ ಬರುವವರಿದ್ದರು; ಧೂಳು ಕೂಡಿಟ್ಟದ್ದು ಅವರಿಗಾಗಿಯೇ. ಅದನ್ನು ನಾನು ಜೋಯ್ಸ್‌ಗೆ ಹೇಳಿರಲಿಲ್ಲ. ಬಾವಾ ಬರುವುದನ್ನು ಅವಳು ನನಗೆ ಹೇಳಿರಲಿಲ್ಲ. (ನಮ್ಮದು ಅನ್ಯೋನ್ಯ ದಾಂಪತ್ಯ.)

ಅವಳು ಬಾವಾರನ್ನು ಕರೆಯಲು ಅಂಗಡಿಗೆ ಹೋದಳು. ಫಾಝಿಲ್ ಬಂದರು. ನಾನು ಹಿಂದಿಯಲ್ಲಿ ಭಾಷಣ ಶುರು ಮಾಡಿದೆ.

"ಭಾಯಿ, ಈ ಹೊಳಪಿಗೆ ಮರುಳಾಗಬೇಡಿ. ಒಳಗೆ ಇದರ ಜೀವ ಹೋಗಿದೆ. ಎಂಬತ್ತು ದಾಟಿದರೆ ನಡುಗುತ್ತದೆ. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ. ಹಿಂದಿನಿಂದ ಯಾರೋ ನರಳಿದ ಹಾಗೆ ಸದ್ದು..."

ಹಿಂದಿನಿಂದ ನಿಜಕ್ಕೂ ಯಾರೋ ನರಳಿದರು. ತಿರುಗಿದರೆ ಬಾವಾ. ಪಕ್ಕದಲ್ಲಿ ಜೋಯ್ಸ್.

"ಮೊನ್ನೆ ಬೆಣ್ಣೆಯ ಹಾಗೆ ಓಡ್ತದೆ ಅಂದಿರಲ್ಲ ಪೊರ್ಬುಗಳೇ!"

ನಾನು ಬಾಯಿ ತೆರೆಯುವ ಮೊದಲೇ ಫಾಝಿಲ್ ಗಂಭೀರವಾಗಿ ಹೇಳಿದರು: "ಬ್ರೇಕ್ ಎಳೆಯುತ್ತದೆ ಅಂದಮೇಲೆ ನಾನು ಹಾಗೇ ಬರೆಯಬೇಕು. ಪೂರ್ತಿ ಪರೀಕ್ಷೆ ಆಗುವ ತನಕ ಇದನ್ನು ಓಡಿಸುವುದೂ ಬೇಡ, ಮಾರುವುದೂ ಬೇಡ."

"ಮಾರುವುದೂ ಬೇಡವಾ?" ಎಂದಳು ಜೋಯ್ಸ್, ಇಡೀ ವಾರ್ಡನ್ನು ಸುಮ್ಮನಾಗಿಸುವ ದನಿಯಲ್ಲಿ.

"ಇಲ್ಲ ಇಲ್ಲ! ಎಳೆಯುವುದಿಲ್ಲ, ನಡುಗುವುದಿಲ್ಲ! ನಾನು ಸುಮ್ಮನೆ ಸ್ವಲ್ಪ..."

"ಯಲ್ಲಾ, ನಡೆಯಿರಿ, ಎಲ್ಲರೂ ಹತ್ತಿ. ನೋಡಿಯೇಬಿಡೋಣ," ಎಂದರು ಫಾಝಿಲ್.

ಸ್ಟೀರಿಂಗ್ ಫಾಝಿಲ್ ಕೈಯಲ್ಲಿ, ಜಪಸರ ನನ್ನ ಕೈಯಲ್ಲಿ. ಎಂಬತ್ತಾಯಿತು, ನೂರಾಯಿತು. ನಡುಗಿದ್ದು ನಾನೊಬ್ಬನೇ. ಬ್ರೇಕ್ ಒತ್ತಿದರೆ ಕಾರು ಶಾಲೆಯ ಮಕ್ಕಳ ಸಾಲಿನಂತೆ ನೆಟ್ಟಗೆ ನಿಂತಿತು. ಬಾವಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿದರು.

"ಕಾರು ಚೆನ್ನಾಗಿದೆ," ಎಂದರು ಫಾಝಿಲ್. "ಹಿಂಭಾಗಕ್ಕೆ ಹೊಸ ಬಣ್ಣ ಬಿದ್ದಿದೆ. ಅದಕ್ಕೆ ಇಳಿದಷ್ಟು ಬೆಲೆ ನಿಮಗೆ ನ್ಯಾಯವಾಗಿ ಸಿಗಬೇಕು, ಅದನ್ನು ಬರೆಯುತ್ತೇನೆ. ಭಾಷಣ ಬರೆಯುವುದಿಲ್ಲ. ಖಲಾಸ್."

ನನ್ನ ಎದೆಯ ಮೇಲಿಂದ ಆ ವ್ಯಾನು ಇಳಿದುಹೋದ ಹಾಗಾಯಿತು. ಕೈಗೆ ಬರುವ ಆ ಪರಿಹಾರದಲ್ಲಿ ಕೊಳ್ಳಬಹುದಾದ ದೊಡ್ಡ ಟಿವಿ ಕಣ್ಣ ಮುಂದೆ ಬಂತು.

"ಬಾವಾ, ಅವರು ಎಷ್ಟು ಬರೀತಾರೋ ಅಷ್ಟನ್ನು ನಿಮ್ಮ ರೇಟಲ್ಲಿ ಬಿಡ್ತೇವೆ," ಎಂದಳು ಜೋಯ್ಸ್. "ಆಗಬಹುದಾ?"

"ನೀವು ಹೇಳಿದ ಮೇಲೆ ಮುಗೀತು ಬಾಯಮ್ಮ. ಕಾರು ನನ್ನದು."

ಟಿವಿ ಆರಿತು. ಆದರೂ ಜೋಯ್ಸ್ ನಕ್ಕಿದ್ದರಿಂದ ನನಗೆ ಊಟ ಸಿಗುವುದು ಖಚಿತವಾಯಿತು.

ನಾಳೆ ಕಾರು ಬಾವಾ ಹೆಸರಿಗೆ ವರ್ಗವಾಗುತ್ತದೆ. ಸಂಜೆ ಸಣ್ಣ ಕಾರು ಬರುತ್ತದೆ. ಜಾಬ್ರಿಯಾ ಒಂದು ದಿಕ್ಕು, ಸಿಟಿಯಲ್ಲಿರುವ ನನ್ನ ಆಫೀಸು ಇನ್ನೊಂದು ದಿಕ್ಕು. ಸೋಮವಾರದಿಂದ ನಾನು ಬಸ್ಸಿನಲ್ಲಿ ಹೋಗುತ್ತೇನೆ.