ಜೇವರ್ಗಿ ಬಸ್ಸು ಬಿಡುವ ಅತ್ತೆ

ಬಸ್ಸು ಹಿಡಿಯಲು ಬಸ್ ಸ್ಟ್ಯಾಂಡಿಗೆ ಹೋಗುವವರು ಸಾಮಾನ್ಯರು. ನನ್ನ ಸೋದರತ್ತೆ ಹೋಗುತ್ತಿದ್ದುದು ಬಸ್ಸು ಬಿಡಲು!

ಓದಲೆಂದು ಆಳಂದದ ಅವಳ ಮನೆಯಲ್ಲಿದ್ದಾಗ ನನಗಿದು ಗೊತ್ತಾಯಿತು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಇಳಕಲ್ ಸೀರೆಯುಟ್ಟು, ಕೈಚೀಲ ಹಿಡಿದು ಹೊರಡುವಳು. ಜೇವರ್ಗಿ ಕಡೆಯ ತವರೂರು ಕೊಳಕೂರಿಗೇ ಹೊರಟಳೆಂದು ಓಣಿಯೆಲ್ಲ ನಂಬಬೇಕು. ಒಮ್ಮೆ ಹಿಂದೆಯೇ ಹೋದೆ. ಜೇವರ್ಗಿ ಬಸ್ಸು ಬಂತು, ತುಂಬಿತು, ಹೊಗೆ ಉಗುಳಿ ಹೋಯಿತು. ಅತ್ತೆ ಬೆಂಚಿನ ಮೇಲೆ ಶೇಂಗಾ ತಿನ್ನುತ್ತಿದ್ದಳು. ಚೀಲದಲ್ಲೇನಿತ್ತು? ಇನ್ನಷ್ಟು ಶೇಂಗಾ!

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು, ಬಿಡುವೆನೇ? ಪುರಸೊತ್ತು ಮನಸ್ಸಿನಲ್ಲಿರುತ್ತದೆಯೇ ಹೊರತು ಬೆಂಚಿನಲ್ಲಲ್ಲ, ಎಲ್ಲಿ ಕೂತರೂ ತಾಸು ತಾಸೇ ಎಂದು ವಾದ ಹೂಡಿದೆ.

"ಮನ್ಯಾಗ ಸುಮ್ಮ ಕುಂತ್ರ ಮೈಗಳ್ಳಿ ಅಂತಾರ. ಕಟ್ಟಿ ಮ್ಯಾಲ ಕುಂತ್ರ ಬಾಯಿಬಡಕಿ ಅಂತಾರ. ಇಲ್ಲಿ ಕುಂತ್ರ ಪ್ಯಾಸೆಂಜರ್ ಅಂತಾರ ಬೇ," ಎಂದಳು. "ಅತ್ತಾಗ ಸರದು ಕುಂಡ್ರು, ಶೇಂಗಾ ತಿನ್ನು."

ನಾನು ಸೋಲೊಪ್ಪುವವಳಲ್ಲ. ಮರುದಿನವೇ ಪಡಸಾಲೆಯ ಜೋಕಾಲಿಯಲ್ಲಿ ಅವಳನ್ನು ಕೂರಿಸಿದೆ. ಒಂದು ಸಲ ತೂಗುವುದರೊಳಗೆ ಮಾವ ಚಹಾ ಕೇಳಿದರು. ಮತ್ತೊಂದಕ್ಕೆ ಅವರ ಚಷ್ಮಾ ಕಳೆಯಿತು. ಅದು ಅವರ ಹಣೆಯ ಮೇಲೆಯೇ ಇತ್ತು. ಆಮೇಲೆ ಪಕ್ಕದ ಮನೆಯವರಿಗೆ ಹೆಪ್ಪು ಬೇಕಾಯಿತು. ಸಂಜೆಗೆ ನೋಡಿದರೆ ಒಗೆದ ಬಟ್ಟೆಗಳು ಜೋಕಾಲಿಯಲ್ಲಿ ಹಾಯಾಗಿ ಕೂತಿವೆ, ಅತ್ತೆ ನಿಂತು ಮಡಚುತ್ತಿದ್ದಾಳೆ. ಆ ಮನೆಯಲ್ಲಿ ಪುರಸೊತ್ತು ಸಿಕ್ಕಿದ್ದು ಮಾವನ ಧೋತರಕ್ಕೆ ಮಾತ್ರ!

ಮುಂದೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ಎಲ್ಲರಿಗೂ ಲಾಭ, ಅತ್ತೆಗೆ ಸಂಕಟ! ರೊಕ್ಕವಿಲ್ಲವೆಂಬ ನೆಪವೂ ಹೋಯಿತು. ಒಂದು ದಿನ ಪರೋಪಕಾರಿಗಳು ಸಿಕ್ಕ ಬಸ್ಸಿಗೆ ಹತ್ತಿಸಿಯೇ ಬಿಟ್ಟರು. ಅಫಜಲಪುರದಲ್ಲಿಳಿದು, ಅಲ್ಲಿಯ ಸ್ಟ್ಯಾಂಡಿನಲ್ಲೂ ಒಂದಿಷ್ಟು ಕೂತು ಮರಳಿ ಬಂದವಳು, ಅಲ್ಲಿಯ ನೆರಳು ನಮ್ಮದಕ್ಕಿಂತ ಮೇಲೆಂದು ವರದಿ ಒಪ್ಪಿಸಿದಳು.

ಈಗ ಮೊಣಕಾಲು ಕೈಕೊಟ್ಟಿದೆ. ಬಸ್ ಸ್ಟ್ಯಾಂಡಿನಷ್ಟು ದೂರ ನಡೆಯಬಾರದಂತೆ. ಮನೆಯೊಳಗೆ ದಿನವಿಡೀ ನಡೆಯುವುದನ್ನು ಯಾರೂ ನಡಿಗೆ ಎನ್ನುವುದಿಲ್ಲ.

ಹೋದ ವಾರ ಹೋಗಿದ್ದೆ. ಜೋಕಾಲಿಯ ಮೇಲಿನ ಬಟ್ಟೆ ತೆಗೆದು ಕೂರಿಸಿದೆ. ಅತ್ತೆ ಚೀಲ ತರಿಸಿ ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲಿ ಕೂತು, ಅಪರಿಚಿತಳಂತೆ ಕೇಳಿದೆ: "ಜೇವರ್ಗಿ ಬಸ್ ಎಷ್ಟೊತ್ತಿಗ್ರಿ?"

"ಭಾಳ ಲೇಟ್ ಅದ ಅಂತ್ರಿ," ಎಂದು ಅವಳು ನಕ್ಕಳು. ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತೆವು.

ಒಳಗಿನಿಂದ ಮಾವ ಚಹಾ ಎಂದರು. ನಾನು ಮಾಡುತ್ತೇನೆಂದು ಏಳುವಷ್ಟರಲ್ಲಿ ಅತ್ತೆ ಸರಪಳಿ ಹಿಡಿದು ಎದ್ದಾಗಿತ್ತು. ಅಷ್ಟು ವರ್ಷಗಳ ರೂಢಿಯೆದುರು ನನ್ನ ಯಾವ ವಾದ ನಿಂತೀತು?

"ಬಸ್ ಬಂತು ನೋಡ್ ಬೇ," ಎಂದು ಚೀಲವನ್ನು ನನ್ನ ಕೈಗಿತ್ತಳು. "ನನ್ನ ಜಾಗಾ ಹಿಡಿದಿಡು."

ಸೀಟು ಹಿಡಿಯುವವರಂತೆ ಚೀಲವನ್ನು ಅವಳ ಜಾಗದಲ್ಲಿಟ್ಟು ಕಾವಲು ಕೂತೆ, ಯಾರಾದರೂ ಮತ್ತೆ ಬಟ್ಟೆ ತಂದು ಹಾಕಿಯಾರೆಂದು.